ಸರ್ ಮಿರ್ಜಾ ಇಸ್ಮಾಯಿಲ್

ಅಮೀನ್-ಉಲ್-ಮುಲ್ಕ್ ಸರ್ ಮಿರ್ಜಾ ಮಹಮ್ಮದ್ ಇಸ್ಮಾಯಿಲ್ (ಅಕ್ಟೋಬರ್ ೨೪, ೧೮೮೩ – ಜನವರಿ ೫, ೧೯೫೯) ಮೈಸೂರು ಸಂಸ್ಥಾನದ ದಿವಾನರಾಗಿ ೧೯೨೬ರಿಂದ ೧೯೪೧ರವರೆಗೆ ಆಡಳಿತ ನಡೆಸಿದವರು. ಅನಂತರ ಜಯಪುರ ಮತ್ತು ಹೈದರಾಬಾದು ಸಂಸ್ಥಾನಗಳ ಪ್ರಧಾನಮಂತ್ರಿಗಳಾಗಿಯೂ ಸೇವೆ ಸಲ್ಲಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯೂ ಆಪ್ತರೂ ಆಗಿದ್ದ ಇವರ ಕಾಲದಲ್ಲಿ ಮೈಸೂರು ಸಂಸ್ಥಾನವು ನೀರಾವರಿ, ವಿದ್ಯುತ್ತು, ಕೈಗಾರಿಕೆ ಹಾಗೂ ನಗರ ನಿರ್ಮಾಣದಲ್ಲಿ ಬಹು ಮುಂದುವರಿಯಿತು. ಇಂದಿನ ಮಂಡ್ಯ ಜಿಲ್ಲೆಯ ನಾಲೆಯ ನೀರು, ಸಕ್ಕರೆ ಕಾರ್ಖಾನೆ ಮತ್ತು ಜಿಲ್ಲೆಯ ರಚನೆ ಇವು ಮೂರೂ ಇವರ ಆಡಳಿತಾವಧಿಗೆ ಸೇರಿದವು. ಇದೇ ಅವಧಿಯಲ್ಲಿ ಜನರು ಸಭೆ ಸೇರುವ, ಸಂಘ ಕಟ್ಟುವ ಮತ್ತು ತಮ್ಮ ಸಂಸ್ಥೆಯ ಧ್ವಜವನ್ನು ಹಾರಿಸುವ ಹಕ್ಕಿನ ಪ್ರಶ್ನೆಯು ಸರ್ಕಾರಕ್ಕೂ ಪ್ರಜೆಗಳಿಗೂ ನಡುವೆ ದೊಡ್ಡ ಸಂಘರ್ಷಕ್ಕೆ ಕಾರಣವಾಯಿತು. ೧೯೩೮ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹ ಈ ಸಂಘರ್ಷದ ಮುಖ್ಯ ಘಟನೆ. ಈ ಕಾರಣದಿಂದ ಮಿರ್ಜಾರವರ ಜೀವನಚರಿತ್ರೆಯು ಕರ್ನಾಟಕದಲ್ಲಿ ಸಂಘಟನಾ ಸ್ವಾತಂತ್ರ್ಯದ ಇತಿಹಾಸದ ಭಾಗವೂ ಆಗಿದೆ.

ಮನೆತನ ಮತ್ತು ಬಾಲ್ಯ

ಮಿರ್ಜಾ ಇಸ್ಮಾಯಿಲರ ಪೂರ್ವಜರು ಪರ್ಷಿಯಾ ದೇಶದವರು. ಇವರ ತಾತ ಆಗಾ ಅಲಿ ಅಸ್ಕರ್ ಅವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶಿರಾಜ್ ನಗರದಿಂದ ಕುದುರೆ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ಬ್ರಿಟಿಷ್ ದಂಡಿಗೂ ಮೈಸೂರು ಅರಮನೆಗೂ ಕುದುರೆಗಳನ್ನು ಒದಗಿಸುತ್ತಿದ್ದ ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಮತ್ತು ಕಮಿಷನರ್ ಮಾರ್ಕ್ ಕಬ್ಬನ್ ಅವರ ವಿಶ್ವಾಸವನ್ನು ಗಳಿಸಿದ್ದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಅವರ ಹೆಸರೇ ಇದೆ. ಮಿರ್ಜಾರವರ ತಂದೆ ಆಗಾ ಜಾನ್.

ಮಿರ್ಜಾ ೧೮೮೩ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವಿದ್ಯಾಭ್ಯಾಸ ಮಾಡಿಸಲು ಏರ್ಪಟ್ಟ ಅರಮನೆಯ ಶಾಲೆಗೆ ಆಯ್ಕೆಯಾದ ಕೆಲವೇ ಬಾಲಕರಲ್ಲಿ ಇವರೂ ಒಬ್ಬರು. ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿ ಅಲ್ಲಿ ಗುರುಗಳಾಗಿದ್ದರು. ಮಹಾರಾಜರಿಗಿಂತ ಕೆಲವೇ ತಿಂಗಳು ಹಿರಿಯರಾಗಿದ್ದ ಮಿರ್ಜಾ ಅವರಿಗೂ ಮಹಾರಾಜರಿಗೂ ಶಾಲೆಯಲ್ಲಿ ಬೆಳೆದ ಸ್ನೇಹ ಕೊನೆಯವರೆಗೂ ಉಳಿಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದರು.

ಸರ್ಕಾರಿ ಸೇವೆ

೧೯೦೫ರಲ್ಲಿ ಮಿರ್ಜಾ ಮೈಸೂರು ಸಂಸ್ಥಾನದ ಪೊಲೀಸ್ ಇಲಾಖೆಯಲ್ಲಿ ಸಹಾಯಕ ಸೂಪರಿಂಟೆಂಡೆಂಟರಾಗಿ ಸೇವೆಗೆ ಸೇರಿದರು. ಕೆಲವೇ ವರ್ಷಗಳಲ್ಲಿ ಮಹಾರಾಜರು ಇವರನ್ನು ಅರಮನೆಯ ಸೇವೆಗೆ ಕರೆಸಿಕೊಂಡರು. ಸಹಾಯಕ ಕಾರ್ಯದರ್ಶಿ, ಹುಜೂರು ಕಾರ್ಯದರ್ಶಿ, ಅನಂತರ ಮಹಾರಾಜರ ಖಾಸಗಿ ಕಾರ್ಯದರ್ಶಿ ಹೀಗೆ ಮೇಲೇರಿದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (೧೯೧೨–೧೯೧೮) ಅವರ ಕಾರ್ಯವಿಧಾನವನ್ನು ಹತ್ತಿರದಿಂದ ಕಂಡ ಮಿರ್ಜಾ, ಯೋಜನೆ, ಶಿಸ್ತು ಮತ್ತು ಕೈಗಾರಿಕೀಕರಣಗಳಲ್ಲಿ ಅವರನ್ನೇ ಮಾದರಿಯಾಗಿ ಇಟ್ಟುಕೊಂಡರು. ೧೯೨೬ರ ಮೇ ತಿಂಗಳಲ್ಲಿ ಸರ್ ಆಲ್ಬಿಯನ್ ಬ್ಯಾನರ್ಜಿಯವರ ತರುವಾಯ ಮಿರ್ಜಾ ದಿವಾನರಾದರು. ಆಗ ಅವರ ವಯಸ್ಸು ೪೨. ಬ್ರಿಟಿಷ್ ಸರ್ಕಾರವು ೧೯೩೦ರಲ್ಲಿ ಇವರಿಗೆ ಸರ್ ಪದವಿಯನ್ನು ನೀಡಿತು.

ಮಂಡ್ಯ ಸೀಮೆಯಲ್ಲಿ ನೀರಾವರಿ, ಸಕ್ಕರೆ ಮತ್ತು ವಿದ್ಯುತ್ತು

ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ ೧೯೧೧ರಲ್ಲಿಯೇ ಆರಂಭವಾಗಿದ್ದರೂ ಅದರ ನೀರನ್ನು ಹೊಲಗಳಿಗೆ ಹರಿಸುವ ಎಡದಂಡೆಯ ದೊಡ್ಡ ನಾಲೆಯ ಕೆಲಸ ಸಾಗಿದ್ದು ಮಿರ್ಜಾರವರ ಕಾಲದಲ್ಲಿ. ಅಂದಿನ ವೈಸರಾಯರ ಹೆಸರಿನಲ್ಲಿ ಇದನ್ನು ಇರ್ವಿನ್ ನಾಲೆ ಎಂದು ಕರೆಯಲಾಯಿತು. ಈಗ ಅದಕ್ಕೆ ವಿಶ್ವೇಶ್ವರಯ್ಯ ನಾಲೆ ಎಂಬ ಹೆಸರಿದೆ. ಹುಲಿಕೆರೆಯ ಬಳಿ ಗುಡ್ಡದ ಅಡಿಯಲ್ಲಿ ಕೊರೆದ ಸುರಂಗದ ಮೂಲಕ ಈ ನಾಲೆ ಹಾದುಹೋಗುತ್ತದೆ. ಮಳೆಯನ್ನೇ ನಂಬಿ ರಾಗಿ, ಹುರುಳಿ, ಜೋಳ ಬೆಳೆಯುತ್ತಿದ್ದ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಒಣ ಭೂಮಿಯಲ್ಲಿ ಭತ್ತ ಮತ್ತು ಕಬ್ಬಿನ ಬೆಳೆಗಳು ಬಂದವು. ಒಂದು ಲಕ್ಷ ಎಕರೆಗೂ ಹೆಚ್ಚು ಭೂಮಿಗೆ ನೀರು ಕೊಡುವುದು ಈ ನಾಲೆಯ ಉದ್ದೇಶವಾಗಿತ್ತು.

ಬೆಳೆದ ಕಬ್ಬಿಗೆ ಮಾರುಕಟ್ಟೆ ಬೇಕಾಗಿತ್ತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಪರಿಶ್ರಮ ಮತ್ತು ದಿವಾನರ ಬೆಂಬಲದಿಂದ ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಜನರು ಮೈಷುಗರ್ ಎಂದು ಕರೆಯುವ ಈ ಕಾರ್ಖಾನೆಯಿಂದ ಮಂಡ್ಯ ಒಂದು ಸಣ್ಣ ಊರಿನಿಂದ ವ್ಯಾಪಾರದ ಪಟ್ಟಣವಾಗಿ ಬೆಳೆಯಿತು. ಕಬ್ಬು ಬೆಳೆದ ರೈತನ ಕೈಯಲ್ಲಿ ನಗದು ಹಣ ಓಡಾಡತೊಡಗಿತು. ಮಕ್ಕಳು ಹೈಸ್ಕೂಲು, ಕಾಲೇಜುಗಳಿಗೆ ಹೋಗಲು ಅನುಕೂಲವಾಯಿತು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಿಂದಲೇ ವಿದ್ಯುತ್ತು ಉತ್ಪಾದನೆಯಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಮಿರ್ಜಾರವರ ಕಾಲದಲ್ಲಿ ಅದೇ ತಾಲ್ಲೂಕಿನ ಶಿಂಷಾ ಜಲಪಾತದ ಬಳಿ ಮತ್ತೊಂದು ವಿದ್ಯುದಾಗಾರವನ್ನು ಕಟ್ಟಲಾಯಿತು. ಅದು ೧೯೪೦ರಲ್ಲಿ ಕೆಲಸ ಆರಂಭಿಸಿತು. ಪಟ್ಟಣಗಳಿಗೆ ಮಾತ್ರವಲ್ಲದೆ ಹಳ್ಳಿಗಳಿಗೂ ವಿದ್ಯುತ್ ದೀಪ ಕೊಡಬೇಕೆಂಬುದು ಇವರ ಆಡಳಿತದ ಧೋರಣೆಯಾಗಿತ್ತು.

೧೯೩೯ರ ಜುಲೈ ೧ರಂದು ಮೈಸೂರು ಜಿಲ್ಲೆಯನ್ನು ವಿಭಾಗಿಸಿ ಮಂಡ್ಯ ಜಿಲ್ಲೆಯನ್ನು ರಚಿಸಲಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ಮತ್ತು ಕೃಷ್ಣರಾಜಪೇಟೆ ಈ ಜಿಲ್ಲೆಯ ಏಳು ತಾಲ್ಲೂಕುಗಳು.

ಇತರ ನಿರ್ಮಾಣ ಕಾರ್ಯಗಳು

ಕೃಷ್ಣರಾಜಸಾಗರದ ಕೆಳಗಿನ ಬೃಂದಾವನ ಉದ್ಯಾನ ಮಿರ್ಜಾರವರ ಕಲ್ಪನೆಯಿಂದ ರೂಪುಗೊಂಡಿತು. ಭದ್ರಾವತಿಯ ಕಾಗದದ ಕಾರ್ಖಾನೆ ಮತ್ತು ಸಿಮೆಂಟ್ ಕಾರ್ಖಾನೆ, ಬೆಂಗಳೂರಿನ ಪಿಂಗಾಣಿ ಕಾರ್ಖಾನೆ ಮತ್ತು ವಿದ್ಯುತ್ ದೀಪದ ಕಾರ್ಖಾನೆಗಳು ಇವರ ಕಾಲದಲ್ಲಿ ಆರಂಭವಾದವು. ೧೯೪೦ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಲು ಸಂಸ್ಥಾನವು ಬಂಡವಾಳ ಮತ್ತು ಭೂಮಿಯನ್ನು ಒದಗಿಸಿತು. ದೊಡ್ಡ ಕಾರ್ಖಾನೆಗಳ ಜೊತೆಗೆ ಖಾದಿ ಮತ್ತು ಗ್ರಾಮೋದ್ಯೋಗಗಳಿಗೂ ಸರ್ಕಾರ ನೆರವು ನೀಡಿತು. ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರ ಇದಕ್ಕೆ ಉದಾಹರಣೆ. ೧೯೨೭ರಲ್ಲಿ ಗಾಂಧೀಜಿಯವರು ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟ ಮತ್ತು ಬೆಂಗಳೂರಿನಲ್ಲಿ ತಂಗಿದ್ದಾಗ ಸಂಸ್ಥಾನವು ಅವರನ್ನು ಅತಿಥಿಯಾಗಿ ನೋಡಿಕೊಂಡಿತು. ಗಾಂಧೀಜಿಯವರಿಗೆ ಮೈಸೂರಿನ ಮಹಾರಾಜರ ಮತ್ತು ದಿವಾನರ ಆಡಳಿತದ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು.

ಬೆಳಗಿನ ಹೊತ್ತು ಕುದುರೆಯ ಮೇಲೆ ಬೆಂಗಳೂರಿನ ಬೀದಿಗಳನ್ನು ಸುತ್ತಿ ಚರಂಡಿ, ರಸ್ತೆ, ಉದ್ಯಾನಗಳನ್ನು ಸ್ವತಃ ಪರಿಶೀಲಿಸುವುದು ಮಿರ್ಜಾರವರ ಅಭ್ಯಾಸವಾಗಿತ್ತು.

ಪ್ರಜೆಗಳ ಹಕ್ಕಿನ ಸ್ಥಿತಿಗತಿ

ಮೈಸೂರು ಸಂಸ್ಥಾನದಲ್ಲಿ ೧೮೮೧ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯೂ ಆರಂಭವಾಯಿತು. ಇತರ ಅನೇಕ ಸಂಸ್ಥಾನಗಳಿಗೆ ಹೋಲಿಸಿದರೆ ಇದು ದೊಡ್ಡ ಪ್ರಗತಿ. ಆದರೆ ಈ ಸಭೆಗಳಿಗೆ ಮತ ನೀಡುವ ಅಧಿಕಾರ ಆಸ್ತಿವಂತರು ಮತ್ತು ವಿದ್ಯಾವಂತರಿಗೆ ಸೀಮಿತವಾಗಿತ್ತು. ದಿವಾನರು ಈ ಸಭೆಗಳಿಗೆ ಜವಾಬ್ದಾರರಾಗಿರಲಿಲ್ಲ, ಮಹಾರಾಜರಿಗೆ ಮಾತ್ರ ಜವಾಬ್ದಾರರಾಗಿದ್ದರು. ಸಭೆ ಸೇರುವುದು, ಮೆರವಣಿಗೆ ನಡೆಸುವುದು, ಸಂಘ ಕಟ್ಟುವುದು ಇವುಗಳಿಗೆ ಶಾಸನದ ರಕ್ಷಣೆ ಇರಲಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರು ಒಂದು ನಿಷೇಧಾಜ್ಞೆಯ ಮೂಲಕ ಅವನ್ನು ತಡೆಯಬಹುದಾಗಿತ್ತು. ಪತ್ರಿಕೆಗಳನ್ನು ನಿಯಂತ್ರಿಸಲು ೧೯೦೮ರ ಶಾಸನವಿತ್ತು.

೧೯೨೮ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಚಾರವಾಗಿ ಗಲಭೆ ನಡೆಯಿತು. ವಿದ್ಯಾರ್ಥಿಗಳು ಮತ್ತು ನಾಯಕರ ಬಂಧನ, ಅನಂತರದ ಹಿಂಸೆ ಇವು ಮಿರ್ಜಾರವರ ಆಡಳಿತಕ್ಕೆ ಎದುರಾದ ಮೊದಲ ದೊಡ್ಡ ಪರೀಕ್ಷೆ. ಇದರ ವಿಚಾರಣೆಗಾಗಿ ಸರ್ಕಾರವು ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ರಾಜಕೀಯ ಪಕ್ಷಗಳು ಈ ಘಟನೆಯ ನಂತರ ಹೆಚ್ಚು ಚುರುಕಾದವು.

ಮೈಸೂರಿನಲ್ಲಿ ೧೯೧೭ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತ್ತು. ಮುಂದೆ ಪ್ರಜಾಪಕ್ಷವೂ ಅನಂತರ ಇವೆರಡೂ ಕೂಡಿದ ಪ್ರಜಾ ಸಂಯುಕ್ತ ಪಕ್ಷವೂ ಬಂದವು. ೧೯೩೭ರಲ್ಲಿ ಪ್ರಜಾ ಸಂಯುಕ್ತ ಪಕ್ಷವು ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. ಅದುವರೆಗೆ ಪಟ್ಟಣದ ವಕೀಲರು ಮತ್ತು ವಿದ್ಯಾವಂತರ ಸಂಸ್ಥೆಯೆನಿಸಿದ್ದ ಕಾಂಗ್ರೆಸ್ಸಿಗೆ ಇದರಿಂದ ಹಳ್ಳಿಯ ರೈತರ ಬಲ ಬಂದಿತು. ಕೆ.ಸಿ. ರೆಡ್ಡಿ, ಟಿ. ಸಿದ್ದಲಿಂಗಯ್ಯ, ಕೆ.ಟಿ. ಭಾಷ್ಯಂ, ಎಚ್.ಸಿ. ದಾಸಪ್ಪ ಮೊದಲಾದವರು ಈ ಕಾಲದ ನಾಯಕರು. ಮಹಾರಾಜರ ಆಶ್ರಯದಲ್ಲಿ ಜನರಿಗೆ ಜವಾಬ್ದಾರಿ ಸರ್ಕಾರ ಬೇಕು ಎಂಬುದು ಇವರ ಮುಖ್ಯ ಬೇಡಿಕೆ.

ದಿವಾನರ ನಿಲುವು ಬೇರೆಯಾಗಿತ್ತು. ಮಹಾರಾಜರ ಸರ್ಕಾರವೇ ಪ್ರಜೆಗಳ ಹಿತವನ್ನು ನೋಡಿಕೊಳ್ಳುತ್ತಿರುವಾಗ ಪಕ್ಷಗಳ ಚಳವಳಿಯಿಂದ ಶಾಂತಿ ಕೆಡುತ್ತದೆ ಎಂದು ಅವರು ಭಾವಿಸಿದ್ದರು. ಸುಧಾರಣೆ ಮೇಲಿನಿಂದ, ಹಂತಹಂತವಾಗಿ ಬರಬೇಕೆಂಬುದು ಅವರ ನಂಬಿಕೆ. ೧೯೩೭ರ ಅಕ್ಟೋಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ನಾಯಕ ಕೆ.ಎಫ್. ನಾರಿಮನ್ ಅವರು ಬೆಂಗಳೂರಿಗೆ ಬಂದಾಗ ಅವರನ್ನು ಬಂಧಿಸಲಾಯಿತು. ನೆರೆದ ಜನರ ಮೇಲೆ ಪೊಲೀಸರು ಬಲ ಪ್ರಯೋಗಿಸಿದರು. ಅದೇ ತಿಂಗಳು ಕಲ್ಕತ್ತೆಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಮೈಸೂರಿನ ದಮನ ನೀತಿಯನ್ನು ಖಂಡಿಸಿತು. ಈ ನಿರ್ಣಯ ಕಾಂಗ್ರೆಸ್ಸಿನ ಧೋರಣೆಗೆ ಹೊಂದುವುದಿಲ್ಲವೆಂದು ಗಾಂಧೀಜಿಯವರು ಆಕ್ಷೇಪಿಸಿದರು. ೧೯೩೮ರ ಫೆಬ್ರವರಿಯಲ್ಲಿ ಹರಿಪುರದಲ್ಲಿ ನಡೆದ ಅಧಿವೇಶನವು ಸಂಸ್ಥಾನಗಳ ಜನರು ತಮ್ಮ ಹೋರಾಟವನ್ನು ತಮ್ಮದೇ ಸಂಘಟನೆಗಳ ಮೂಲಕ ನಡೆಸಬೇಕೆಂದು ತೀರ್ಮಾನಿಸಿತು. ಆದ್ದರಿಂದ ಮೈಸೂರು ಕಾಂಗ್ರೆಸ್ಸಿಗೆ ತನ್ನ ಬಲವನ್ನು ತಾನೇ ತೋರಿಸಬೇಕಾದ ಸನ್ನಿವೇಶ ಒದಗಿತು.

ಶಿವಪುರ ಧ್ವಜ ಸತ್ಯಾಗ್ರಹ

ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನವನ್ನು ೧೯೩೮ರ ಏಪ್ರಿಲ್ ೧೧, ೧೨ ಮತ್ತು ೧೩ರಂದು ಮದ್ದೂರಿನ ಪಕ್ಕದ ಶಿವಪುರದಲ್ಲಿ ನಡೆಸಲು ನಿರ್ಧಾರವಾಯಿತು. ಬೆಂಗಳೂರು ಮತ್ತು ಮೈಸೂರು ನಗರಗಳ ನಡುವೆ, ರೈಲು ಮತ್ತು ಹೆದ್ದಾರಿಯ ಅನುಕೂಲವಿದ್ದ ಈ ಸ್ಥಳ ಶಿಂಷಾ ನದಿಯ ಸಮೀಪದಲ್ಲಿದೆ. ಎಚ್.ಕೆ. ವೀರಣ್ಣಗೌಡ, ಸಾಹುಕಾರ್ ಚನ್ನಯ್ಯ ಮೊದಲಾದ ಮಂಡ್ಯ ಸೀಮೆಯ ಮುಖಂಡರು ಏರ್ಪಾಡುಗಳಿಗೆ ನಿಂತರು. ಸ್ಥಳೀಯ ರೈತರೊಬ್ಬರ ಜಮೀನಿನಲ್ಲಿ ಚಪ್ಪರ ಎದ್ದಿತು.

ಅಧಿವೇಶನದ ಮುನ್ನಾ ದಿನಗಳಲ್ಲಿ ಜಿಲ್ಲಾಡಳಿತವು ಕಾಂಗ್ರೆಸ್ ಧ್ವಜವನ್ನು ಹಾರಿಸಬಾರದೆಂದು ನಿಷೇಧಾಜ್ಞೆ ಹೊರಡಿಸಿತು. ಸಂಸ್ಥಾನದಲ್ಲಿ ಗಂಡಭೇರುಂಡ ಲಾಂಛನದ ಧ್ವಜವಿರುವಾಗ ಮತ್ತೊಂದು ಧ್ವಜವನ್ನು ಏರಿಸುವುದು ರಾಜನಿಷ್ಠೆಗೆ ವಿರುದ್ಧ ಎಂಬುದು ಸರ್ಕಾರದ ವಾದ. ತಾವು ಮಹಾರಾಜರಿಗೆ ವಿರೋಧಿಗಳಲ್ಲ, ತಮ್ಮ ಸಂಸ್ಥೆಗೆ ತನ್ನದೇ ಧ್ವಜವನ್ನು ಹೊಂದುವ ಹಕ್ಕಿದೆ ಎಂಬುದು ಕಾಂಗ್ರೆಸ್ಸಿನ ವಾದ. ಜನರು ಒಂದು ಉದ್ದೇಶಕ್ಕಾಗಿ ಒಟ್ಟುಗೂಡಿ, ತಮಗೊಂದು ಹೆಸರು ಮತ್ತು ಗುರುತನ್ನು ಇಟ್ಟುಕೊಂಡು, ಬಹಿರಂಗವಾಗಿ ಸಭೆ ನಡೆಸಬಹುದೇ ಎಂಬುದೇ ಇಲ್ಲಿದ್ದ ನಿಜವಾದ ಪ್ರಶ್ನೆ.

ಏಪ್ರಿಲ್ ೧೧ರಂದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಿಂದಲೂ ಸಂಸ್ಥಾನದ ಇತರ ಭಾಗಗಳಿಂದಲೂ ಸಾವಿರಾರು ಜನ ಶಿವಪುರಕ್ಕೆ ಬಂದು ಸೇರಿದರು. ಗಾಡಿ ಕಟ್ಟಿಕೊಂಡು ಬಂದವರೂ ಕಾಲ್ನಡಿಗೆಯಲ್ಲಿ ಬಂದವರೂ ಇದ್ದರು. ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ನಿಷೇಧವನ್ನು ಮೀರಿ ಧ್ವಜವನ್ನು ಏರಿಸಿದರು. ಅವರನ್ನು ಕೂಡಲೇ ಬಂಧಿಸಲಾಯಿತು. ಅವರ ಬೆನ್ನಿಗೇ ಎಂ.ಎನ್. ಜೋಯಿಸರು ಧ್ವಜಾರೋಹಣ ಮಾಡಿದರು. ಒಬ್ಬರ ಬಂಧನವಾದರೆ ಮತ್ತೊಬ್ಬರು ಮುಂದೆ ಬರುತ್ತಿದ್ದರು. ನೆರೆದ ಜನ ಶಾಂತಿಯಿಂದ ವರ್ತಿಸಿದ್ದರಿಂದ ಶಿವಪುರದಲ್ಲಿ ರಕ್ತಪಾತವಾಗಲಿಲ್ಲ. ನಾಯಕರು ಸೆರೆಮನೆ ಸೇರಿದರೂ ಸತ್ಯಾಗ್ರಹವು ಊರಿಂದೂರಿಗೆ ಹರಡಿತು.

ವಿದುರಾಶ್ವತ್ಥ ಮತ್ತು ಒಪ್ಪಂದ

ಶಿವಪುರದ ಸುದ್ದಿ ಹರಡಿ ಸಂಸ್ಥಾನದ ಹಲವು ಕಡೆ ಧ್ವಜಾರೋಹಣಗಳು ನಡೆದವು. ಏಪ್ರಿಲ್ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜಾತ್ರೆಯ ಸಮಯದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಂತೆ ಸತ್ತವರು ೧೦ ಮಂದಿ. ಕಾಂಗ್ರೆಸ್ಸಿನವರ ಮತ್ತು ಸ್ಥಳೀಯರ ಲೆಕ್ಕದಂತೆ ೩೨ ಮಂದಿ. ದಕ್ಷಿಣ ಭಾರತದ ಜಲಿಯನ್‌ವಾಲಾಬಾಗ್ ಎಂದು ಈ ಘಟನೆಯನ್ನು ಕರೆಯುವುದುಂಟು. ವಿಚಾರಣೆಗಾಗಿ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ನೇತೃತ್ವದ ಸಮಿತಿಯನ್ನು ಸರ್ಕಾರ ನೇಮಿಸಿತು.

ದೇಶದಾದ್ಯಂತ ಖಂಡನೆ ವ್ಯಕ್ತವಾದ ಮೇಲೆ ಗಾಂಧೀಜಿಯವರ ಸಲಹೆಯಂತೆ ಸರ್ದಾರ್ ವಲ್ಲಭಭಾಯಿ ಪಟೇಲರು ಮತ್ತು ಆಚಾರ್ಯ ಕೃಪಲಾನಿಯವರು ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದು ಮಿರ್ಜಾರವರೊಡನೆ ಮಾತುಕತೆ ನಡೆಸಿದರು. ಇದರ ಫಲವಾಗಿ ಮಿರ್ಜಾ–ಪಟೇಲ್ ಒಪ್ಪಂದ ಏರ್ಪಟ್ಟಿತು. ಸರ್ಕಾರವು ಮೈಸೂರು ಕಾಂಗ್ರೆಸ್ಸನ್ನು ಒಂದು ಸಂಸ್ಥೆಯಾಗಿ ಮಾನ್ಯ ಮಾಡಿತು. ವಿಧ್ಯುಕ್ತ ಸಂದರ್ಭಗಳಲ್ಲಿ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಗೆಯಾಯಿತು. ರಾಜಕೀಯ ಬಂದಿಗಳ ಬಿಡುಗಡೆಯಾಯಿತು. ರಾಜ್ಯಾಂಗ ಸುಧಾರಣೆಗಾಗಿ ರಚಿತವಾಗಿದ್ದ ಕೆ.ಆರ್. ಶ್ರೀನಿವಾಸ ಅಯ್ಯಂಗಾರ್ ಸಮಿತಿಗೆ ಕಾಂಗ್ರೆಸ್ ಸದಸ್ಯರನ್ನೂ ಸೇರಿಸಿಕೊಳ್ಳಲಾಯಿತು.

ಹಿಂದಿನ ತಿಂಗಳು ಅಪರಾಧವೆನಿಸಿದ್ದ ಕಾರ್ಯ ಈ ಒಪ್ಪಂದದಿಂದ ಸರ್ಕಾರವೇ ಒಪ್ಪಿದ ಕ್ರಮವಾಯಿತು. ಆದರೆ ಇದು ಒಪ್ಪಂದದಿಂದ ದೊರೆತ ಅನುಮತಿಯೇ ಹೊರತು ಶಾಸನದಲ್ಲಿ ಬರೆದ ಹಕ್ಕಲ್ಲ. ಒಪ್ಪಂದದ ಜಾರಿಯ ಬಗ್ಗೆ ಎರಡೂ ಕಡೆ ಅಸಮಾಧಾನ ಬೆಳೆದು ೧೯೩೯ರಲ್ಲಿ ಕಾಂಗ್ರೆಸ್ ಮತ್ತೆ ಚಳವಳಿಗೆ ಇಳಿಯಿತು. ಈಚಲು ಮರಗಳನ್ನು ಕಡಿಯುವ ಅರಣ್ಯ ಸತ್ಯಾಗ್ರಹ ಆಗ ನಡೆಯಿತು. ಸುಧಾರಣಾ ಸಮಿತಿಯ ವರದಿಯ ನಂತರ ೧೯೪೦ರಲ್ಲಿ ಹೊಸ ರಾಜ್ಯಾಂಗ ಶಾಸನ ಬಂದರೂ ಅದರಲ್ಲಿ ಜವಾಬ್ದಾರಿ ಸರ್ಕಾರದ ಬೇಡಿಕೆ ಈಡೇರಲಿಲ್ಲ.

ದಿವಾನ ಪದವಿಯಿಂದ ನಿವೃತ್ತಿ

೧೯೪೦ರ ಆಗಸ್ಟ್ ೩ರಂದು ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದರು. ಮಿರ್ಜಾರವರಿಗೆ ಇದು ಒಡೆಯರ ಅಗಲಿಕೆಯೂ ಹೌದು, ಬಾಲ್ಯಮಿತ್ರನ ಅಗಲಿಕೆಯೂ ಹೌದು. ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರೊಡನೆ ಅಭಿಪ್ರಾಯಭೇದ ಉಂಟಾಗಿ ೧೯೪೧ರಲ್ಲಿ ರಾಜೀನಾಮೆ ನೀಡಿದರು. ಎನ್. ಮಾಧವರಾವ್ ಅವರು ಮುಂದಿನ ದಿವಾನರಾದರು.

ಜಯಪುರ ಮತ್ತು ಹೈದರಾಬಾದು

೧೯೪೨ರಲ್ಲಿ ಮಿರ್ಜಾ ಜಯಪುರ ಸಂಸ್ಥಾನದ ಪ್ರಧಾನಮಂತ್ರಿಗಳಾದರು. ಮೈಸೂರಿನ ಅನುಭವ ಇಲ್ಲಿ ಅವರ ನಡೆಯನ್ನು ಬದಲಿಸಿದಂತೆ ಕಾಣುತ್ತದೆ. ಜಯಪುರದ ಪ್ರಜಾಮಂಡಲವನ್ನು ಅವರು ದಮನ ಮಾಡಲು ಹೋಗಲಿಲ್ಲ. ಅದರ ನಾಯಕ ಹೀರಾಲಾಲ್ ಶಾಸ್ತ್ರಿಯವರೊಡನೆ ೧೯೪೨ರಲ್ಲಿಯೇ ಸೌಹಾರ್ದದ ಒಪ್ಪಂದ ಮಾಡಿಕೊಂಡರು. ಆ ವರ್ಷ ದೇಶವೆಲ್ಲ ಭಾರತ ಬಿಟ್ಟು ತೊಲಗಿ ಚಳವಳಿಯಲ್ಲಿ ಮುಳುಗಿದ್ದಾಗಲೂ ಜಯಪುರದ ಪ್ರಜಾಮಂಡಲ ಸಂಸ್ಥೆಯಾಗಿ ಅದರಿಂದ ದೂರ ಉಳಿಯಿತು. ಇದಕ್ಕಾಗಿ ಶಾಸ್ತ್ರಿಯವರು ತಮ್ಮವರಿಂದಲೇ ಟೀಕೆಗೆ ಗುರಿಯಾದರು. ಜಯಪುರದಲ್ಲಿ ದ್ವಿಸದನ ಶಾಸಕಾಂಗವೂ ಮಿರ್ಜಾರವರ ಕಾಲದಲ್ಲಿ ರಚನೆಯಾಯಿತು. ೧೯೪೫ರಲ್ಲಿ ಅಖಿಲ ಭಾರತ ಪಿ.ಇ.ಎನ್. ಲೇಖಕರ ಸಮ್ಮೇಳನ ಜಯಪುರದಲ್ಲಿ ನಡೆದು, ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಅದರಲ್ಲಿ ಭಾಗವಹಿಸಿದರು. ಜಯಪುರದ ಮುಖ್ಯ ರಸ್ತೆಗೆ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂಬ ಹೆಸರಿದ್ದು ಎಂ.ಐ. ರಸ್ತೆ ಎಂದು ಪ್ರಸಿದ್ಧವಾಗಿದೆ.

೧೯೪೬ರಲ್ಲಿ ಹೈದರಾಬಾದು ನಿಜಾಮರ ಪ್ರಧಾನಮಂತ್ರಿಗಳಾದರು. ಭಾರತದೊಡನೆ ಹೊಂದಾಣಿಕೆ ಮಾಡಿಕೊಳ್ಳುವುದೇ ಸಂಸ್ಥಾನಕ್ಕೆ ಹಿತ ಎಂಬುದು ಅವರ ಅಭಿಪ್ರಾಯವಾಗಿತ್ತು. ಇತ್ತೆಹಾದ್ ಪಕ್ಷದವರು ಇದನ್ನು ತೀವ್ರವಾಗಿ ವಿರೋಧಿಸಿದರು. ನಿಜಾಮರ ಬೆಂಬಲವೂ ಸಾಲದಾದಾಗ ೧೯೪೭ರ ಮೇ ತಿಂಗಳಲ್ಲಿ ರಾಜೀನಾಮೆ ನೀಡಿದರು. ದೇಶ ವಿಭಜನೆಯನ್ನು ಮಿರ್ಜಾ ಒಪ್ಪಿರಲಿಲ್ಲ. ಧರ್ಮದ ಆಧಾರದ ಮೇಲೆ ರಾಷ್ಟ್ರ ಎಂಬ ವಾದದಿಂದ ದೂರವಿದ್ದ ಅವರು ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿಯೇ ನೆಲೆಸಿದರು.

ಕೊನೆಯ ವರ್ಷಗಳು

ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಮಿರ್ಜಾ ಕೆಲಕಾಲ ಇಂಡೊನೇಷ್ಯಾದಲ್ಲಿ ಕೆಲಸ ಮಾಡಿದರು. ೧೯೫೪ರಲ್ಲಿ ಅವರ ಇಂಗ್ಲಿಷ್ ಆತ್ಮಕಥನ ಮೈ ಪಬ್ಲಿಕ್ ಲೈಫ್ ಪ್ರಕಟವಾಯಿತು. ೧೯೫೯ರ ಜನವರಿ ೫ರಂದು ಬೆಂಗಳೂರಿನಲ್ಲಿ ನಿಧನರಾದರು.

ಸಂಘಟನಾ ಸ್ವಾತಂತ್ರ್ಯ: ಶಿವಪುರದಿಂದ ಸಂವಿಧಾನದವರೆಗೆ

ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಚಲೋ ಚಳವಳಿಯ ಫಲವಾಗಿ ೧೯೪೭ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಸ್ಥಾಪನೆಯಾಯಿತು. ಶಿವಪುರದಲ್ಲಿ ಧ್ವಜ ಏರಿಸಿ ಬಂಧಿತರಾದ ಟಿ. ಸಿದ್ದಲಿಂಗಯ್ಯನವರು ಮೈಸೂರಿನ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಭಾರತದ ಸಂವಿಧಾನ ಸಭೆಯ ಸದಸ್ಯರಾದರು. ಮಿರ್ಜಾರವರ ನಂತರ ದಿವಾನರಾಗಿದ್ದ ಎನ್. ಮಾಧವರಾವ್ ಅವರು ಡಾ. ಬಿ.ಆರ್. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯ ಸದಸ್ಯರಾದರು. ಒಂದು ಕಾಲಕ್ಕೆ ಎದುರು ಬದುರು ಇದ್ದ ಚಳವಳಿಯ ಮತ್ತು ದಿವಾನಗಿರಿಯ ಪರಂಪರೆಗಳೆರಡೂ ಹೀಗೆ ಸಂವಿಧಾನ ರಚನೆಯಲ್ಲಿ ಪಾಲುಗೊಂಡವು.

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೯ನೆಯ ವಿಧಿಯು ಶಸ್ತ್ರಗಳಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕನ್ನೂ ಸಂಘ ಅಥವಾ ಒಕ್ಕೂಟಗಳನ್ನು ರಚಿಸುವ ಹಕ್ಕನ್ನೂ ನಾಗರಿಕರಿಗೆ ನೀಡಿತು. ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಸರ್ಕಾರ ನಿರ್ಬಂಧ ಹೇರಬಹುದು. ಆದರೆ ಆ ನಿರ್ಬಂಧ ಸಮಂಜಸವಾಗಿರಬೇಕು, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ೧೯೩೮ರಲ್ಲಿ ಶಿವಪುರದ ಜನರಿಗೆ ಇಲ್ಲದಿದ್ದುದು ಈ ರಕ್ಷಣೆಯೇ. ಅಂದು ನಿಷೇಧಾಜ್ಞೆ ಸರಿಯೇ ತಪ್ಪೇ ಎಂದು ತೀರ್ಮಾನಿಸುವ ಮೂಲಭೂತ ಹಕ್ಕಿನ ಶಾಸನ ಸಂಸ್ಥಾನದಲ್ಲಿ ಇರಲಿಲ್ಲ. ಬಂಧನಕ್ಕೆ ಸಿದ್ಧರಾಗುವುದೊಂದೇ ಪ್ರಜೆಗಳಿಗೆ ಉಳಿದಿದ್ದ ದಾರಿ.

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನದೊಡನೆ ಇದನ್ನು ಹೋಲಿಸಬಹುದು. ೧೭೯೧ರಲ್ಲಿ ಅಂಗೀಕೃತವಾದ ಅದರ ಮೊದಲನೆಯ ತಿದ್ದುಪಡಿಯಲ್ಲಿ ಸಭೆ ಸೇರುವ ಹಕ್ಕಿದೆ, ಸಂಘ ಕಟ್ಟುವ ಹಕ್ಕಿನ ಮಾತಿಲ್ಲ. ಕರಿಯ ಜನಾಂಗದ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆಯ ಸದಸ್ಯರ ಹೆಸರುಗಳನ್ನು ಒಪ್ಪಿಸಬೇಕೆಂದು ಅಲಬಾಮಾ ರಾಜ್ಯ ಕೇಳಿದಾಗ, ೧೯೫೮ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆದು, ಸಂಘಟನಾ ಸ್ವಾತಂತ್ರ್ಯವು ಸಂವಿಧಾನದಲ್ಲಿ ಅಡಕವಾಗಿದೆಯೆಂದು ತೀರ್ಪಿತ್ತಿತು. ೧೯೭೪ರಲ್ಲಿ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾನಿಲಯದ ಸಲಿಂಗಕಾಮಿ ವಿದ್ಯಾರ್ಥಿಗಳ ಸಂಘದ ಕಾರ್ಯಕ್ರಮಗಳಿಗೆ ತಡೆ ಬಂದಾಗ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಇದೇ ತತ್ವವನ್ನು ಅನ್ವಯಿಸಿ ಸಂಘದ ಪರವಾಗಿ ತೀರ್ಪು ನೀಡಿತು. ಬಹುಸಂಖ್ಯಾತರಿಗೂ ಆಳುವವರಿಗೂ ಒಪ್ಪಿಗೆಯಾಗದ ಜನರಿಗೆ ಈ ಹಕ್ಕು ಹೆಚ್ಚು ಅಗತ್ಯ ಎಂಬುದನ್ನು ಈ ಮೊಕದ್ದಮೆಗಳು ತೋರಿಸುತ್ತವೆ. ಭಾರತದಲ್ಲಿ ಈ ಹಕ್ಕನ್ನು ನ್ಯಾಯಾಲಯವು ಹುಡುಕಿ ತೆಗೆಯಬೇಕಾಗಲಿಲ್ಲ. ಶಿವಪುರದಂತಹ ಹೋರಾಟಗಳನ್ನು ಕಂಡಿದ್ದ ಪೀಳಿಗೆಯೇ ಸಂವಿಧಾನವನ್ನು ಬರೆದುದರಿಂದ ಅದು ಅಕ್ಷರದಲ್ಲಿಯೇ ಸೇರಿತು.

ಮೌಲ್ಯಮಾಪನ

ಮಿರ್ಜಾ ಇಸ್ಮಾಯಿಲರ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. ಹಿಂದೂ ದೊರೆಯ ಸಂಸ್ಥಾನದಲ್ಲಿ ಮುಸ್ಲಿಂ ದಿವಾನರಾಗಿ ಹದಿನೈದು ವರ್ಷ ದುಡಿದು, ಕೈಗಾರಿಕೆ, ನೀರಾವರಿ ಮತ್ತು ನಗರಗಳ ಸೌಂದರ್ಯಕ್ಕೆ ಅಡಿಪಾಯ ಹಾಕಿದ ದಕ್ಷ ಆಡಳಿತಗಾರರೆಂದು ಅವರನ್ನು ಮೆಚ್ಚುವವರು ಬಹಳ. ಪ್ರಜೆಗಳಿಗೆ ಸೌಕರ್ಯಗಳನ್ನು ಕೊಟ್ಟರೂ ಅಧಿಕಾರದಲ್ಲಿ ಪಾಲು ಕೊಡಲು ಒಪ್ಪದವರೆಂದು, ಸಭೆ ಮತ್ತು ಸಂಘಗಳನ್ನು ಅನುಮಾನದಿಂದ ಕಂಡವರೆಂದು ಟೀಕಿಸುವವರೂ ಇದ್ದಾರೆ. ಮಂಡ್ಯ ಸೀಮೆಯಲ್ಲಿ ಈ ಎರಡೂ ಅಭಿಪ್ರಾಯಗಳಿಗೆ ಆಧಾರ ದೊರೆಯುತ್ತದೆ. ನಾಲೆಯ ನೀರು ಮತ್ತು ಸಕ್ಕರೆ ಕಾರ್ಖಾನೆಯಿಂದ ಚೇತರಿಸಿಕೊಂಡ ಸೀಮೆಯ ರೈತರೇ ಶಿವಪುರದ ಚಪ್ಪರದಲ್ಲಿ ಸೇರಿ ದಿವಾನರ ಸರ್ಕಾರದ ಆಜ್ಞೆಯನ್ನು ಮೀರಿದರು. ಅವರು ಆ ದಿನ ಕೇಳಿದ್ದು ನೀರನ್ನಾಗಲಿ ಹಣವನ್ನಾಗಲಿ ಅಲ್ಲ, ಒಟ್ಟುಗೂಡುವ ಹಕ್ಕನ್ನು. ಒಂದೇ ತಿಂಗಳಲ್ಲಿ ಪಟೇಲರೊಡನೆ ಕುಳಿತು ಆ ಹಕ್ಕಿನ ಒಂದು ಭಾಗವನ್ನಾದರೂ ಒಪ್ಪಿಕೊಂಡದ್ದು, ಮುಂದೆ ಜಯಪುರದಲ್ಲಿ ಮೊದಲಿಗೇ ಮಾತುಕತೆಯ ದಾರಿ ಹಿಡಿದದ್ದು ಮಿರ್ಜಾರವರ ಪರವಾಗಿ ಹೇಳಬೇಕಾದ ಸಂಗತಿಗಳು.

ಸ್ಮಾರಕಗಳು

ಮೈಸೂರಿನ ಮಿರ್ಜಾ ರಸ್ತೆ ಮತ್ತು ಜಯಪುರದ ಎಂ.ಐ. ರಸ್ತೆ ಇವರ ಹೆಸರನ್ನು ಉಳಿಸಿಕೊಂಡಿವೆ. ಶಿವಪುರದಲ್ಲಿ ಧ್ವಜ ಸತ್ಯಾಗ್ರಹದ ನೆನಪಿಗಾಗಿ ಸತ್ಯಾಗ್ರಹ ಸೌಧವನ್ನು ಕಟ್ಟಲಾಗಿದೆ. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಮದ್ದೂರನ್ನು ಹಾದುಹೋಗುವವರು ಇದನ್ನು ಕಾಣಬಹುದು. ವಿದುರಾಶ್ವತ್ಥದಲ್ಲಿ ಹುತಾತ್ಮರ ಸ್ಮಾರಕವಿದೆ.